ಬೌಲಿಂಗ್ ಗ್ರೀನಿನ ಕಡತ: ವರ್ಜೀನಿಯಾದಲ್ಲಿ ನಾಲ್ಕು ದಿನ

ಭಾನುವಾರ

ಮೂವತ್ತೊಂದು ವರ್ಷ ಸಿವಿಲ್ ನ್ಯಾಯಾಲಯಗಳ ಕಚೇರಿಗಳಲ್ಲಿ ದುಡಿದು, ಕೊನೆಯ ಏಳು ವರ್ಷ ತಾಲ್ಲೂಕು ಕೇಂದ್ರವೊಂದರಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು ನಾನು. ವರ್ಜೀನಿಯಾ ರಾಜ್ಯದ ಆಶ್‌ಬರ್ನ್‌ನಲ್ಲಿರುವ ಮಗಳು, ಈ ಸಲ ಏನು ನೋಡಬೇಕೆಂದಿದ್ದೀರಿ ಎಂದು ಕೇಳಿದಾಗ, ಒಂದು ಹಳೆಯ ಕಡತ ನೋಡಬೇಕೆಂದೆ. ಅವಳು ನಕ್ಕಳು. ಅಳಿಯ ನಗಲಿಲ್ಲ. ಅವನು ಇದೇ ರಾಜ್ಯದಲ್ಲಿ ಹುಟ್ಟಿ ಬೆಳೆದ ಬಿಳಿಯ. ನಾನು ಯಾವ ಕಡತದ ಮಾತಾಡುತ್ತಿದ್ದೇನೆಂದು ಅವನಿಗೆ ಹೇಳಬೇಕಾಗಿರಲಿಲ್ಲ.

ರಿಚರ್ಡ್ ಲವಿಂಗ್ ಎಂಬ ಬಿಳಿಯ ಗಾರೆ ಕೆಲಸದವನೂ ಮಿಲ್ಡ್ರೆಡ್ ಜೀಟರ್ ಎಂಬ ಕರಿಯ ಹೆಣ್ಣುಮಗಳೂ 1958ರ ಜೂನ್ 2ರಂದು ವಾಷಿಂಗ್ಟನ್ನಿಗೆ ಹೋಗಿ ಮದುವೆಯಾಗಿ ತಮ್ಮೂರಿಗೆ ಮರಳಿದರು. ಜುಲೈ 11ರ ನಡುರಾತ್ರಿ ಕಳೆದ ಮೇಲೆ ಕ್ಯಾರೊಲೈನ್ ಕೌಂಟಿಯ, ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ, ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಅವರ ಮಲಗುವ ಕೋಣೆಗೇ ನುಗ್ಗಿ ಅವರನ್ನು ಹಿಡಿದನು, ಏಕೆಂದರೆ 1924ರ ಜನಾಂಗ ಶುದ್ಧತೆಯ ಕಾಯಿದೆಯ ಪ್ರಕಾರ ವರ್ಜೀನಿಯಾದಲ್ಲಿ ಆ ಮದುವೆ ಒಂದರಿಂದ ಐದು ವರ್ಷ ಸಜೆಯ ಅಪರಾಧವಾಗಿತ್ತು. ಅಲ್ಲಿಂದ ಹೊರಟ ಆ ಮೊಕದ್ದಮೆ 1967ರ ಜೂನ್ 12ರಂದು ಅಮೆರಿಕದ ಸುಪ್ರೀಂ ಕೋರ್ಟಿನ ಒಮ್ಮತದ ತೀರ್ಪಿನಲ್ಲಿ ಮುಗಿದು, ದೇಶದುದ್ದಕ್ಕೂ ಅಂಥ ಕಾನೂನುಗಳನ್ನು ಅಳಿಸಿಹಾಕಿತು. ಆ ತೀರ್ಪನ್ನು ಯಾರು ಬೇಕಾದರೂ ಮನೆಯಲ್ಲಿ ಕುಳಿತು ಓದಬಹುದು. ನನಗೆ ಬೇಕಾಗಿದ್ದದ್ದು ಮೇಲಿನ ಕೋರ್ಟಿನದಲ್ಲ; ಹಳ್ಳಿಗಾಡಿನ ಕೆಳ ನ್ಯಾಯಾಲಯದಲ್ಲಿ ನನ್ನಂಥ ಗುಮಾಸ್ತನೊಬ್ಬ ಬರೆದಿಟ್ಟ ಮೊದಲ ಹಾಳೆಗಳು. ಮಗಳು ಈ ಅಳಿಯನನ್ನು ಮದುವೆಯಾಗುತ್ತೇನೆಂದಾಗ ನಮ್ಮ ಮನೆಯಲ್ಲಿ ಎರಡು ವರ್ಷ ಮಾತುಕತೆ ನಿಂತುಹೋಗಿತ್ತೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಿಲ್ಲಿಸಿದವನು ನಾನು.

ಅಳಿಯ ಗಣಕಯಂತ್ರದ ಮುಂದೆ ಕುಳಿತು, ಎಲ್ಲವೂ ಪೇಸರ್ ಎಂಬ ಜಾಲತಾಣದಲ್ಲಿ ಸಿಗುತ್ತದೆಂದು ಧೈರ್ಯವಾಗಿ ಹೇಳಿದನು. ಸಿಗಲಿಲ್ಲ. ಪೇಸರ್ ಒಕ್ಕೂಟದ, ಎಂದರೆ ಫೆಡರಲ್ ನ್ಯಾಯಾಲಯಗಳದ್ದು. ಪುಟಕ್ಕೆ 10 ಸೆಂಟ್ಸ್, ಒಂದು ದಸ್ತಾವೇಜಿಗೆ ಹೆಚ್ಚೆಂದರೆ 3 ಡಾಲರ್, ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಆ ಹಣವೂ ಮಾಫಿ. ಕೌಂಟಿಯ ನ್ಯಾಯಾಲಯ ರಾಜ್ಯದ ವ್ಯವಸ್ಥೆಗೆ ಸೇರಿದ್ದು, ಅದಕ್ಕೆ ಬೇರೆ ತಾಣ. ಅಲ್ಲಿ ಹೆಸರು ಕೊಟ್ಟರೆ ಪ್ರಕರಣದ ಸಂಖ್ಯೆ, ವಾಯಿದೆಯ ದಿನಾಂಕ, ಆದ ಆದೇಶದ ಸಾರ ಇಷ್ಟು ಕಾಣುತ್ತದೆಯೇ ಹೊರತು ಕಾಗದಗಳು ಕಾಣುವುದಿಲ್ಲ; ಗಣಕಕ್ಕೆ ಏರದ ಹಳೆಯ ಕಾಲದ ಪ್ರಕರಣಗಳಂತೂ ಇಲ್ಲವೇ ಇಲ್ಲ. ಇಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು. ನಮ್ಮ ಇ-ಕೋರ್ಟ್ಸ್ ತಾಣದಲ್ಲಿ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್, ಎಂದರೆ ಪ್ರಕರಣದ ಗುರುತಿನ ಸಂಖ್ಯೆ ಒತ್ತಿದರೆ, ಯಾವುದೋ ಮೂಲೆಯ ತಾಲ್ಲೂಕು ನ್ಯಾಯಾಲಯದ ಆದೇಶದ ಪ್ರತಿಯನ್ನೂ ಬಿಡಿಗಾಸು ಕೊಡದೆ ಇಳಿಸಿಕೊಳ್ಳಬಹುದು. ಅಳಿಯನಿಗೆ ನನ್ನ ಫೋನಿನಲ್ಲಿ ಒಂದನ್ನು ತೆಗೆದು ತೋರಿಸಿದೆ.

ಇನ್ನೊಂದು ಅಳುಕೂ ಇತ್ತು. ವರ್ಜೀನಿಯಾದ ಮಾಹಿತಿ ಹಕ್ಕಿನ ಕಾಯಿದೆ ಆ ರಾಜ್ಯದ ನಾಗರಿಕರಿಗೆ ಮಾತ್ರ ಹಕ್ಕು ಕೊಡುತ್ತದೆ. ಬೇರೆ ರಾಜ್ಯಗಳ ಇಬ್ಬರು ಅದನ್ನು ಪ್ರಶ್ನಿಸಿದಾಗ, 2013ರಲ್ಲಿ ಸುಪ್ರೀಂ ಕೋರ್ಟು ಆ ನಿರ್ಬಂಧವನ್ನೇ ಎತ್ತಿಹಿಡಿಯಿತು. ಅಮೆರಿಕದವರಿಗೇ ಇಲ್ಲದ್ದು ಪ್ರವಾಸಿ ವೀಸಾದ ಮೇಲೆ ಬಂದ ನನಗುಂಟೆ? ಆದರೆ ಸರ್ಕ್ಯೂಟ್ ಕೋರ್ಟಿನ, ಎಂದರೆ ಕೌಂಟಿ ಮಟ್ಟದ ಈ ನ್ಯಾಯಾಲಯದ, ದಾಖಲೆಗಳಿಗೆ ಅನ್ವಯಿಸುವುದು ಬೇರೆಯೇ ಕಲಮು. ಕಾನೂನು ಬೇರೆ ರೀತಿ ಹೇಳದ ಹೊರತು ಆ ದಾಖಲೆಗಳು ಕ್ಲರ್ಕಿನ ಕಚೇರಿಯಲ್ಲಿ ಯಾವುದೇ ವ್ಯಕ್ತಿಯ ಪರಿಶೀಲನೆಗೆ ತೆರೆದಿರಬೇಕು, ಕೇಳಿದರೆ ನಕಲು ಕೊಡಬೇಕು ಎಂದು ಅದು ಹೇಳುತ್ತದೆ. 'ಯಾವುದೇ ವ್ಯಕ್ತಿ' ಎಂಬ ಎರಡು ಪದಗಳ ಬಲದ ಮೇಲೆ ನಾವು ಮರುದಿನ ಹೊರಡುವುದೆಂದಾಯಿತು.

ಸೋಮವಾರ

ಎರಡು ಗಂಟೆಯ ದಾರಿ ಕಳೆದು ಕ್ಯಾರೊಲೈನ್ ಕೌಂಟಿಯ ಬೌಲಿಂಗ್ ಗ್ರೀನ್ ತಲುಪಿದಾಗ ನ್ಯಾಯಾಲಯದ ಬಾಗಿಲಿಗೆ ಬೀಗ. ಅದು ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ. ವರ್ಜೀನಿಯಾದಲ್ಲಿ ಕೊಲಂಬಸ್ ದಿನದ ಜೊತೆಗೆ ಯಾರ್ಕ್‌ಟೌನ್ ವಿಜಯದ ದಿನವೂ ಸೇರಿದ ರಜೆ. ಅಳಿಯನ ಖಾಸಗಿ ಕಂಪನಿಗೆ ಆ ರಜೆ ಇಲ್ಲವಾದ್ದರಿಂದ ಅವನಿಗೆ ನೆನಪಿರಲಿಲ್ಲ. ನ್ಯಾಯಾಲಯದ ರಜೆಪಟ್ಟಿಯನ್ನು ಮೂರು ದಶಕ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದ ನಾನು ವಿಚಾರಿಸದೆ ಹೊರಟದ್ದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ಕ್ಯಾರೊಲೈನ್ ಕೌಂಟಿಯ ಜನಸಂಖ್ಯೆ ಸುಮಾರು 31 ಸಾವಿರ. ನಮ್ಮ ಲೆಕ್ಕದಲ್ಲಿ ಒಂದೆರಡು ಹೋಬಳಿಗಳಷ್ಟು. ಅದರ ಕೇಂದ್ರವಾದ ಬೌಲಿಂಗ್ ಗ್ರೀನ್‌ನಲ್ಲಿ ಸಾವಿರದ ಆಸುಪಾಸು ಜನ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿದ, ಮುಂದೆ ಕಮಾನುಗಳ ಮೊಗಸಾಲೆಯುಳ್ಳ ಹಳೆಯ ಇಟ್ಟಿಗೆ ನ್ಯಾಯಾಲಯ ಮುಖ್ಯ ರಸ್ತೆಯಲ್ಲೇ ಇದೆ. ಅದರ ಸುತ್ತ ಒಂದು ಸುತ್ತು ಬಂದೆವು. ನಮ್ಮೂರಿನ ನ್ಯಾಯಾಲಯದ ಆವರಣದಲ್ಲಿ ಕಾಣುವ ಟೈಪಿಸ್ಟುಗಳ ಸಾಲು, ಸ್ಟಾಂಪು ಮಾರುವವರು, ಚಹಾ ಗೂಡಂಗಡಿ ಇವು ಯಾವುವೂ ಇಲ್ಲದೆ ಅದು ರಜೆಯ ದಿನ ಮಾತ್ರವಲ್ಲ, ಯಾವಾಗಲೂ ರಜೆಯಲ್ಲಿರುವ ಕಟ್ಟಡದಂತೆ ನನಗೆ ಕಂಡಿತು.

ಕಾಗದಗಳ ಮಟ್ಟಿಗೆ ಈ ಊರಿಗೆ ಒಂದು ಕೆಟ್ಟ ನೆನಪಿದೆ. 1864ರ ಮೇ ತಿಂಗಳಲ್ಲಿ, ಅಂತರ್ಯುದ್ಧದ ಕೊನೆಯ ವರ್ಷದಲ್ಲಿ, ಉತ್ತರದ ಸೈನಿಕರು ನ್ಯಾಯಾಲಯವನ್ನು ಸೂರೆ ಮಾಡಿ ಬಿಡಿ ಕಾಗದಗಳಲ್ಲಿ ಬಹುಪಾಲನ್ನು ಹರಿದರು, ಒಯ್ದರು, ಹಾಳುಗೆಡವಿದರು. ದಪ್ಪ ರಟ್ಟಿನ ಆದೇಶ ಪುಸ್ತಕಗಳು ಮಾತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದವು. ವಂಶಾವಳಿ ಹುಡುಕುವವರು ವರ್ಜೀನಿಯಾದ ಇಂಥ ಸೀಮೆಗಳನ್ನು 'ಸುಟ್ಟ ಕೌಂಟಿಗಳು' ಎಂದೇ ಕರೆಯುತ್ತಾರೆ. ಕಟ್ಟಿದ ಪುಸ್ತಕ ಉಳಿಯುತ್ತದೆ, ಬಿಡಿ ಹಾಳೆ ಹೋಗುತ್ತದೆ ಎಂಬುದನ್ನು ನಮ್ಮ ದಾಖಲೆ ಕೋಣೆಯಲ್ಲಿ ಗೆದ್ದಲು ನನಗೆ ಕಲಿಸಿತ್ತು.

ಸಮಯವಿದ್ದುದರಿಂದ ಸೆಂಟ್ರಲ್ ಪಾಯಿಂಟ್ ಎಂಬ ಲವಿಂಗ್ ದಂಪತಿಯ ಹಳ್ಳಿಯತ್ತ ಕಾರು ತಿರುಗಿಸಿದೆವು. ಇಬ್ಬರ ಸಮಾಧಿಯೂ ಅಲ್ಲಿನ ಸೇಂಟ್ ಸ್ಟೀಫನ್ಸ್ ಬ್ಯಾಪ್ಟಿಸ್ಟ್ ಚರ್ಚಿನ ಸ್ಮಶಾನದಲ್ಲಿದೆ. ರಿಚರ್ಡ್ 1975ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡನು, ಮಿಲ್ಡ್ರೆಡ್ 2008ರವರೆಗೆ ಬದುಕಿದ್ದಳು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ರಾತ್ರಿಗೆ ಹೆದ್ದಾರಿಯ ಪಕ್ಕದ ಮೋಟೆಲ್ ಒಂದರಲ್ಲಿ ತಂಗಿದೆವು. ಮಾಲೀಕರು ಗುಜರಾತಿನವರು; ನಾನು ಬಂದ ಕೆಲಸ ಕೇಳಿ, ಊರಿನಲ್ಲಿ ತಮ್ಮ ತಂದೆಯ ಜಮೀನಿನ ವ್ಯಾಜ್ಯ ಇನ್ನೂ ನಡೆಯುತ್ತಿದೆ, ಅದರ ನಕಲು ಹೇಗೆ ತೆಗೆಸುವುದು ಎಂದು ನನ್ನನ್ನೇ ವಿಚಾರಿಸಿಕೊಂಡರು.

ಮಂಗಳವಾರ

ಬೆಳಿಗ್ಗೆ ಬಾಗಿಲಿನಲ್ಲೇ ತಪಾಸಣೆ. ಫೋನು ಒಳಗೆ ಬಿಡುವುದಿಲ್ಲ, ಕಾರಿನಲ್ಲಿಟ್ಟು ಬನ್ನಿ ಎಂದರು. ಛಾಯಾಚಿತ್ರ ತೆಗೆದುಕೊಂಡರಾಯಿತೆಂದು ಬಂದಿದ್ದ ಅಳಿಯ ಪೆಚ್ಚಾದನು. ನನ್ನ ಅಂಗಿಯ ಜೇಬಿನಲ್ಲಿ ಪೆನ್ನೂ ಚೀಲದಲ್ಲಿ ರೂಲುಪುಸ್ತಕವೂ ಇದ್ದವು.

ಇಲ್ಲಿನ ಕ್ಲರ್ಕ್ ಎಂದರೆ ಗುಮಾಸ್ತನೆಂದು ತಿಳಿಯಬಾರದು. ವರ್ಜೀನಿಯಾದ 120 ಸರ್ಕ್ಯೂಟ್ ಕೋರ್ಟುಗಳಲ್ಲಿ ಪ್ರತಿಯೊಂದರ ಕ್ಲರ್ಕನ್ನೂ ಜನರು ಮತ ಹಾಕಿ ಎಂಟು ವರ್ಷಕ್ಕೆ ಆರಿಸುತ್ತಾರೆ. ನ್ಯಾಯಾಲಯದ ಕಡತಗಳ ಜೊತೆಗೆ ಜಮೀನಿನ ಕ್ರಯಪತ್ರ, ಮರಣಶಾಸನ, ಮದುವೆಯ ಪರವಾನಗಿ ಎಲ್ಲವೂ ಅದೇ ಕಚೇರಿಯಲ್ಲಿ. ನಮ್ಮ ಶಿರಸ್ತೇದಾರನನ್ನೂ ಉಪನೋಂದಣಾಧಿಕಾರಿಯನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿ, ಅವನಿಗೆ ಚುನಾವಣೆ ಇಟ್ಟರೆ ಹೇಗೋ ಹಾಗೆ. ನನ್ನ ಸೇವಾವಧಿಯಲ್ಲಿ ಚುನಾವಣೆ ಇದ್ದಿದ್ದರೆ ನಾನು ಎಷ್ಟು ಸಲ ಸೋಲುತ್ತಿದ್ದೆನೋ ಎಂದು ಯೋಚಿಸಿ ಒಳಗೇ ನಕ್ಕೆ.

ಕೌಂಟರಿನಲ್ಲಿದ್ದ ಹೆಂಗಸಿಗೆ 1959ರ ಜನವರಿ ತಿಂಗಳ ಆದೇಶ ಪುಸ್ತಕ ನೋಡಬೇಕಿತ್ತೆಂದು ಹೇಳಿ, ನಾನು ಯಾರು, ಎಲ್ಲಿಂದ ಬಂದೆ, ಏತಕ್ಕೆ ಎಂಬುದನ್ನೆಲ್ಲ ಒಪ್ಪಿಸಲು ಬಾಯಿ ತೆರೆದೆ. ರಾತ್ರಿ ಮೋಟೆಲಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳು. ಅವರು ಅಷ್ಟರಲ್ಲಿ ಪಕ್ಕದ ದಾಖಲೆ ಕೋಣೆಯ ಬಾಗಿಲನ್ನು ಕೈಯಲ್ಲಿ ತೋರಿಸಿ, ಸೂಚಿ ಪುಸ್ತಕಗಳು ಯಾವ ಗೋಡೆಗಿವೆಯೆಂದು ಹೇಳಿ, ಮುಂದಿನವರತ್ತ ತಿರುಗಿದ್ದರು.

ನಮ್ಮಲ್ಲಿ ದಾವೆಗೆ ಸಂಬಂಧಪಡದವನು ನಕಲು ಕೇಳಿದರೆ ಕಾರಣ ತಿಳಿಸಿ ಅರ್ಜಿ ಹಾಕಬೇಕು, ಪ್ರಮಾಣಪತ್ರ ಲಗತ್ತಿಸಬೇಕು, ಕೋರ್ಟಿನ ಅಪ್ಪಣೆಯಾಗಬೇಕು. 2020ರ ಮಾರ್ಚ್ 4ರಂದು ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು, ನ್ಯಾಯಾಂಗದ ಕಡತಗಳ ನಕಲನ್ನು ಮಾಹಿತಿ ಹಕ್ಕಿನಡಿ ಕೇಳುವಂತಿಲ್ಲ, ಕೋರ್ಟಿನ ನಿಯಮಗಳಡಿಯೇ ಪಡೆಯಬೇಕು ಎಂದು ತೀರ್ಮಾನಿಸಿತು. ಅದರಲ್ಲಿ ವಿವೇಕವಿಲ್ಲವೆಂದು ನಾನು ಹೇಳಲಾರೆ. ಹಳ್ಳಿಯ ಆಸ್ತಿ ವಿಭಾಗದ ದಾವೆಯ ವಾದಪತ್ರ ಸಂಬಂಧಪಡದವರ ಕೈಗೆ ಸಿಕ್ಕರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಅಮೆರಿಕದಲ್ಲಾದರೋ 1978ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟು, ನ್ಯಾಯಾಲಯದ ದಾಖಲೆ ನೋಡಲು ಬಂದವನಿಗೆ ಅದರಲ್ಲಿ ಸ್ವಂತ ಹಿತಾಸಕ್ತಿ ಇರಲೇಬೇಕೆಂದಿಲ್ಲ ಎಂಬ ಹಳೆಯ ತತ್ತ್ವವನ್ನು ಮತ್ತೆ ಹೇಳಿತ್ತು. ದತ್ತು, ಬಾಲಾಪರಾಧ, ಕೋರ್ಟು ಮೊಹರು ಮಾಡಿಸಿದ ಕಾಗದ ಇಂಥವು ಅದಕ್ಕೆ ಹೊರತು. 'ನಿಮಗೂ ಈ ದಾವೆಗೂ ಏನು ಸಂಬಂಧ?' ಎಂಬ ಪ್ರಶ್ನೆಯನ್ನು ನಾನು ಸಾವಿರಾರು ಜನರಿಗೆ ಕೇಳಿದ್ದೇನೆ. ಆ ಪ್ರಶ್ನೆ ನನಗೆ ಬಾರದೇ ಹೋದಾಗ ಹಗುರವೆನಿಸಿತು, ಜೊತೆಗೆ ಸಿದ್ಧ ಮಾಡಿಕೊಂಡು ಬಂದ ಉತ್ತರ ಗಂಟಲಲ್ಲೇ ಉಳಿದ ಕಸಿವಿಸಿಯೂ ಆಯಿತು.

ದಾಖಲೆ ಕೋಣೆಯಲ್ಲಿ ಉರುಳೆಗಳ ಮೇಲೆ ಮಲಗಿಸಿಟ್ಟ ಭಾರೀ ಪುಸ್ತಕಗಳು, ನಡುವೆ ಎದೆಯ ಮಟ್ಟದ ಇಳಿಜಾರು ಮೇಜುಗಳು. ಜಮೀನಿನ ಹಕ್ಕು ಪರಿಶೀಲಿಸುವ ಇಬ್ಬರು ತಮ್ಮ ಪಾಡಿಗೆ ತಾವು ಪುಸ್ತಕ ಎಳೆದು, ನೋಡಿ, ಮತ್ತೆ ತಳ್ಳುತ್ತಿದ್ದರು. ಯಾರೂ ಕಾವಲಿಲ್ಲ, ಸಹಿ ಹಾಕಿಸಿಕೊಳ್ಳುವ ವಹಿಯಿಲ್ಲ. ದಾಖಲೆ ಕೋಣೆಯ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗಿದವನಿಗೆ ಇದು ದಿಗಿಲು ಹುಟ್ಟಿಸುವ ದೃಶ್ಯ.

ಸೂಚಿಯಲ್ಲಿ ಅಳಿಯ 'ಲವಿಂಗ್, ಮಿಲ್ಡ್ರೆಡ್' ಎಂದು ಹುಡುಕತೊಡಗಿದನು. ಹಾಗೆ ಹುಡುಕಬಾರದೆಂದು ನಾನು ತಡೆದೆ. ಆ ಮೊಕದ್ದಮೆಯ ಶೀರ್ಷಿಕೆಯೇ 'ಕಾಮನ್‌ವೆಲ್ತ್ ವಿರುದ್ಧ ರಿಚರ್ಡ್ ಪೆರಿ ಲವಿಂಗ್ ಮತ್ತು ಮಿಲ್ಡ್ರೆಡ್ ಡೊಲೊರೆಸ್ ಜೀಟರ್' ಎಂದಿದೆ. ಕಾಮನ್‌ವೆಲ್ತ್ ಎಂದರೆ ಇಲ್ಲಿ ವರ್ಜೀನಿಯಾ ರಾಜ್ಯ. ಅವಳನ್ನು ಗಂಡನ ಹೆಸರಿನಿಂದ ಕರೆದರೆ ಮದುವೆಯನ್ನು ಒಪ್ಪಿದಂತಾಗುತ್ತದೆ. ಮದುವೆಯೇ ಇಲ್ಲವೆನ್ನುವುದು ರಾಜ್ಯದ ವಾದ. ಆದ್ದರಿಂದ ದೋಷಾರೋಪಣೆಯಿಂದ ಹಿಡಿದು ಅವಳು ಜೀಟರ್ ಆಗಿಯೇ ಉಳಿದಳು. ಹೆಣ್ಣಿನ ಹೆಸರು ಯಾವ ಅಕ್ಷರದ ಕೆಳಗೆ ಸೇರುತ್ತದೆ ಎಂಬುದನ್ನು ನಾವು ಸೂಚಿ ಬರೆಯುವಾಗ ಕೇವಲ ಅನುಕೂಲದ ಪ್ರಶ್ನೆಯೆಂದುಕೊಂಡಿದ್ದೆವು. ಅಳಿಯ ಆ ಪುಟದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದನು.

ಪುಸ್ತಕವನ್ನು ಇಬ್ಬರೂ ಹಿಡಿದು ಮೇಜಿಗೆ ತಂದೆವು. 1959ರ ಜನವರಿ 6. ಇಬ್ಬರೂ ತಪ್ಪೊಪ್ಪಿಕೊಂಡರು, ತಲಾ ಒಂದು ವರ್ಷ ಸಜೆ, ಇಬ್ಬರೂ ಕ್ಯಾರೊಲೈನ್ ಕೌಂಟಿಯನ್ನೂ ವರ್ಜೀನಿಯಾ ರಾಜ್ಯವನ್ನೂ ಕೂಡಲೇ ಬಿಟ್ಟುಹೋಗಿ, ಇಪ್ಪತ್ತೈದು ವರ್ಷ ಜೊತೆಯಾಗಿಯಾಗಲಿ ಏಕಕಾಲದಲ್ಲಾಗಲಿ ಹಿಂದಿರುಗಬಾರದೆಂಬ ಷರತ್ತಿನ ಮೇಲೆ ಆ ಸಜೆ ಅಮಾನತು. ಒಬ್ಬೊಬ್ಬರಿಗೆ 36 ಡಾಲರ್ 29 ಸೆಂಟ್ಸ್ ಕೋರ್ಟು ಖರ್ಚು ಬಿತ್ತು. ಊರು ಬಿಡಿಸುವುದಕ್ಕೂ ಖರ್ಚು ವಸೂಲು ಮಾಡುವುದನ್ನು ಯಾವ ಕಚೇರಿಯೂ ಮರೆಯುವುದಿಲ್ಲ. ಷರತ್ತಿನ ಅವಧಿ 1984ರ ಜನವರಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ರಿಚರ್ಡ್ ಸತ್ತು ಎಂಟು ವರ್ಷ ಮೀರಿರುತ್ತಿತ್ತು. 'ಜೊತೆಯಾಗಿಯಾಗಲಿ ಏಕಕಾಲದಲ್ಲಾಗಲಿ' ಎಂಬ ಮಾತನ್ನು ನಾನು ಎರಡು ಸಲ ಓದಿದೆ. ಗಂಡ ಒಂದು ವಾರ, ಹೆಂಡತಿ ಇನ್ನೊಂದು ವಾರ ತವರಿಗೆ ಬಂದುಹೋಗಲಿ ಎಂದು ಯೋಚಿಸಿ, ಯಾವ ಸಂದೂ ಬಿಡದೆ ಪದ ಜೋಡಿಸಿದ ಆದೇಶವದು. ಕಸುಬಿನವನ ಕಣ್ಣಿಗೆ ಚೊಕ್ಕವಾದ ಬರವಣಿಗೆ. ಅದಕ್ಕೇ ಮೈ ಜುಮ್ಮೆಂದಿತು.

ನಕಲಿಗೆ ಪುಟಕ್ಕೆ 50 ಸೆಂಟ್ಸ್, ಮುದ್ರೆ ಒತ್ತಿ ದೃಢೀಕರಿಸಲು 2 ಡಾಲರ್. ಮೂರು ಪುಟಕ್ಕೆ ಮೂರೂವರೆ ಡಾಲರ್ ಕೊಟ್ಟೆ. ಅರ್ಜಿಯ ನಮೂನೆಯಿಲ್ಲ, ಕೋರ್ಟ್ ಫೀ ಸ್ಟಾಂಪಿಲ್ಲ, 'ನಾಳೆ ಬನ್ನಿ' ಇಲ್ಲ. ಹಾಳೆಯ ಕೆಳಗೆ 'ಎ ಕಾಪಿ ಟೆಸ್ಟೆ' ಎಂದು ಹಾಕಿ ಕ್ಲರ್ಕಿನ ಪರವಾಗಿ ಸಹಿ ಮಾಡಿದ್ದರು. ಇದೇನು ಭಾಷೆ ಎಂದು ಅಳಿಯ ಕೇಳಿದಾಗ, ಇದು ಸಾಕ್ಷಿ ನುಡಿಯುವ ಲ್ಯಾಟಿನ್ ಮಾತು, ನಮ್ಮ 'ಅಸಲಿನಂತೆ ನಕಲು' ಎಂಬುದರ ಸೋದರಸಂಬಂಧಿ ಎಂದೆ.

ಬಿಡಿ ಕಾಗದಗಳು, ಎಂದರೆ ವಾರಂಟು, ದೋಷಾರೋಪಣೆ, ಆಮೇಲಿನ ಅರ್ಜಿ, ನ್ಯಾಯಾಧೀಶರ ಅಭಿಪ್ರಾಯ, ಇವುಗಳಿಗೆ ರಿಚ್ಮಂಡಿನ ರಾಜ್ಯ ಗ್ರಂಥಾಲಯಕ್ಕೆ ಹೋಗಬೇಕು. ವರ್ಜೀನಿಯಾದ ಕೌಂಟಿಗಳ ಹಳೆಯ ಕಡತಗಳು ದೊಡ್ಡ ಪ್ರಮಾಣದಲ್ಲಿ ಅಲ್ಲಿ ಸೇರಿವೆ. ಕೌಂಟಿಗಳಲ್ಲೇ ಉಳಿದ ಪುಸ್ತಕಗಳ ದುರಸ್ತಿಗೂ ಅದೇ ಗ್ರಂಥಾಲಯ ಅನುದಾನ ಕೊಡುತ್ತದೆ. ಹಳ್ಳಿಗಾಡಿನ ಕಡತ ಹುಡುಕುವವನು ಎರಡು ಊರು ಅಲೆಯಲು ಸಿದ್ಧನಾಗಿಯೇ ಹೊರಡಬೇಕು.

ಬುಧವಾರ

ರಿಚ್ಮಂಡ್ ದಕ್ಷಿಣಕ್ಕೆ ಒಂದು ಗಂಟೆಯೊಳಗಿನ ದಾರಿ. ಈಸ್ಟ್ ಬ್ರಾಡ್ ಬೀದಿಯ ಗ್ರಂಥಾಲಯದಲ್ಲಿ ನನ್ನ ಪಾಸ್‌ಪೋರ್ಟ್ ನೋಡಿ ಹೆಸರು ಬರೆದುಕೊಂಡರು, ಚೀಲ ಹೊರಗಿಡಿಸಿದರು, ಪೆನ್ನು ಬಿಡಿಸಿ ಪೆನ್ಸಿಲ್ ಕೊಟ್ಟರು. ನಿನ್ನೆಯ ತೆರೆದ ಕೋಣೆಗಿಂತ ಈ ಕಟ್ಟುನಿಟ್ಟು ನನಗೆ ನೆಮ್ಮದಿ ಕೊಟ್ಟಿತೆಂದು ಒಪ್ಪಿಕೊಳ್ಳಬೇಕು. ಆದರೆ ಇಲ್ಲಿಯೂ ಏತಕ್ಕೆಂದು ಯಾರೂ ಕೇಳಲಿಲ್ಲ.

ಕಡತದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಎರಡು ದಿನಾಂಕಗಳು. ದಂಪತಿಯ ಪರವಾಗಿ ವಕೀಲರು ಶಿಕ್ಷೆಯ ಆದೇಶವನ್ನು ರದ್ದುಮಾಡಬೇಕೆಂದು ಅರ್ಜಿ ಹಾಕಿದ್ದು 1963ರ ನವೆಂಬರ್ 6ರಂದು. ಅದರ ಮೇಲೆ ನ್ಯಾಯಾಧೀಶ ಲಿಯಾನ್ ಬ್ಯಾಜೈಲ್ ಆದೇಶ ಮಾಡಿದ್ದು 1965ರ ಜನವರಿ 22ರಂದು, ಅದೂ ವಕೀಲರು ಬೇಸತ್ತು ಫೆಡರಲ್ ಕೋರ್ಟಿಗೆ ಹೋದ ಮೇಲೆ. ಅರ್ಜಿಯನ್ನು ವಜಾ ಮಾಡದೆ, ಮಂಜೂರೂ ಮಾಡದೆ, ಹದಿನಾಲ್ಕು ತಿಂಗಳು ಸುಮ್ಮನೆ ಇಟ್ಟುಕೊಳ್ಳುವ ವಿದ್ಯೆ ಒಂದು ದೇಶದ್ದಲ್ಲ. ಆದೇಶವಿಲ್ಲದಿದ್ದರೆ ಮೇಲ್ಮನವಿಯೂ ಇಲ್ಲ.

ಟೈಪ್ ಮಾಡಿದ ಆ ಅಭಿಪ್ರಾಯದಲ್ಲಿಯೇ ಎಲ್ಲರೂ ಉಲ್ಲೇಖಿಸುವ ಸಾಲು ಇರುವುದು: ಸರ್ವಶಕ್ತನಾದ ದೇವರು ಬಿಳಿ, ಕರಿ, ಹಳದಿ, ಮಲಯ, ಕೆಂಪು ಎಂಬ ಜನಾಂಗಗಳನ್ನು ಸೃಷ್ಟಿಸಿ ಬೇರೆಬೇರೆ ಖಂಡಗಳಲ್ಲಿ ಇರಿಸಿದನು, ಹೀಗೆ ಬೇರ್ಪಡಿಸಿದ್ದೇ ಅವು ಬೆರೆಯಬಾರದೆಂಬ ಉದ್ದೇಶಕ್ಕೆ ಸಾಕ್ಷಿ. ಐದು ಬಣ್ಣಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ಇದರಲ್ಲಿ ನಾನು ಯಾವುದು ಎಂದು ಹುಡುಕಿದೆ, ಸಿಗಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲವೆಂದಿತ್ತು. ಮರುವರ್ಷ ಬಂದ ವರ್ಜೀನಿಯಾದ ಕಾಯಿದೆ ಬಿಳಿಯರಲ್ಲದವರನ್ನು ಬಿಳಿಯರು ಮದುವೆಯಾಗುವುದನ್ನು ನಿಷೇಧಿಸಿತು. ಆ ಲೆಕ್ಕದಲ್ಲಿ ನನ್ನ ಮಗಳೂ ಅಳಿಯನೂ ಇದೇ ಪುಸ್ತಕದ ಗಿರಾಕಿಗಳು, ಮಗಳು ತನ್ನ ತಂದೆಯ ಹೆಸರಿನಲ್ಲಿ. ಇದನ್ನು ಅಳಿಯನಿಗೆ ಪಿಸುಮಾತಿನಲ್ಲಿ ಹೇಳಿದೆ. ಅವನು ತನಗೆ ಬರುವ ಕನ್ನಡದಲ್ಲಿ, "ಮಾವ, ನಿಮ್ಮ ಎರಡು ವರ್ಷ ಯಾವ ಪುಸ್ತಕದಲ್ಲಿದೆ?" ಎಂದನು. ಓದುವ ಕೋಣೆಯಲ್ಲಿ ಜೋರಾಗಿ ಮಾತಾಡಬಾರದೆಂಬ ನಿಯಮ ನನಗೆ ಅನುಕೂಲವಾಯಿತು.

ಮಧ್ಯಾಹ್ನ ಸಾಕಷ್ಟು ಪ್ರತಿಗಳನ್ನು ತೆಗೆಸಿಕೊಂಡು ಹೊರಟೆವು. ಹೆದ್ದಾರಿಯ ವಾಹನದಟ್ಟಣೆಯಲ್ಲಿ ಆಶ್‌ಬರ್ನ್ ಸೇರುವಾಗ ರಾತ್ರಿ ಎಂಟು ದಾಟಿತ್ತು. ಮಗಳು ಊಟಕ್ಕೆ ಬಡಿಸುವ ಮೊದಲು ಕಾಗದಗಳನ್ನು ಕೈಗೆತ್ತಿಕೊಂಡು, ಮುದ್ರೆಯ ಉಬ್ಬನ್ನು ಬೆರಳಿನಿಂದ ಸವರಿ, ಇವನ್ನು ಮನೆಯಲ್ಲಿ ಎಲ್ಲಿ ಇಡುವುದಪ್ಪ ಎಂದು ಕೇಳಿದಳು. ಮೊದಲು ರಟ್ಟಿನ ಮೇಲೆ ಹೆಸರು ಬರೆ ಎಂದೆ. ಅವಳು ಪೆನ್ನು ತಂದು, ಯಾವ ಹೆಸರು ಎಂದು ನನ್ನ ಮುಖ ನೋಡಿದಳು. 'ಲವಿಂಗ್, ರಿಚರ್ಡ್ ಮತ್ತು ಮಿಲ್ಡ್ರೆಡ್' ಎಂದು ಬರೆಯಿಸಿದೆ.